ಅಡಿಗೆರೆ ಎಳೆದ ಸಾಲು

ನನ್ನ ಹತ್ತಿರ ಇರುವ ಆಕಾಶ ವೀಕ್ಷಣೆಯ ಕೈಪಿಡಿಯಲ್ಲಿ, ಮೊದಲ ನಕ್ಷೆಗಿಂತ ಹಿಂದಿನ ಪುಟದಲ್ಲಿ, ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇದೆ. ಎಳೆದವನು ನಾನೇ. ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡಬೇಕು ಅನ್ನುವುದು ಆ ಸಾಲಿನ ತಾತ್ಪರ್ಯ. ಓದಿದ್ದೇನೆ, ಮುಖ್ಯ ಅನ್ನಿಸಿದೆ, ಗೆರೆ ಎಳೆದಿದ್ದೇನೆ. ಅದರ ಮುಂದಿನ ಪುಟ ತಿರುಗಿಸಿದರೆ ಇನ್ನೊಂದು ಗುರುತು ಕಾಣುತ್ತದೆ. ನಕ್ಷೆಯ ಎಡಗಡೆ ‘ಪೂರ್ವ’ ಅಂತಲೂ ಬಲಗಡೆ ‘ಪಶ್ಚಿಮ’ ಅಂತಲೂ ಅಚ್ಚಾಗಿದೆ. ಅದೇ ಪೆನ್ಸಿಲ್ಲಿನಲ್ಲಿ ಎರಡನ್ನೂ ಹೊಡೆದುಹಾಕಿ, ಅದಲುಬದಲು ಮಾಡಿ ಬರೆಯಲಾಗಿದೆ. ಅದನ್ನು ಮಾಡಿದವನೂ ನಾನೇ. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಪೂರ್ವ ಬಲಗಡೆ ಇತ್ತಲ್ಲ, ಹಾಗಾಗಿ ಇದು ಅಚ್ಚಿನ ತಪ್ಪು ಎಂದು ತೀರ್ಮಾನಿಸಿ ತಿದ್ದಿದ್ದೆ. ಆಮೇಲೆ ರಬ್ಬರಿನಿಂದ ಉಜ್ಜಿದ್ದರೂ ಕಲೆ ಹೋಗಿಲ್ಲ.

ಒಂದೇ ದಿನ, ಒಂದೇ ಕೂತಲ್ಲಿ, ಹಿಂದಿನ ಪುಟದ ಸಾಲನ್ನು ಮೆಚ್ಚಿದ ಮನುಷ್ಯ ಮುಂದಿನ ಪುಟದಲ್ಲಿ ಅದನ್ನೇ ಹೇಗೆ ಸುಳ್ಳು ಮಾಡಿದ? ಪುಸ್ತಕ ಓದಿ ಒಂದು ಹವ್ಯಾಸ ಕಲಿಯಲು ಹೊರಟ ಈ ಎರಡು ವರ್ಷದಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದೇ. ನಕ್ಷತ್ರಗಳ ಬಗ್ಗೆ ಇರುವ ಪ್ರಶ್ನೆಗಳೆಲ್ಲ ಇದರ ನಂತರ.

ನಾನು ಹೇಗೆ ಶುರು ಮಾಡಿದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಲಿಸುವವರು ಯಾರೂ ಇರಲಿಲ್ಲ. ಗೊತ್ತಿರುವವರ ಜೊತೆ ನಿಂತು ನೋಡುವ ಅವಕಾಶವೂ ಇರಲಿಲ್ಲ. ಪುಸ್ತಕ ಇತ್ತು, ಒಂದು ಹಳೇ ಬೈನಾಕ್ಯುಲರ್ ಇತ್ತು, ಮಹಡಿ ಇತ್ತು. ಮೊದಲ ಎರಡು ತಿಂಗಳು ಮಹಡಿ ಹತ್ತದೆ ಬರೀ ಓದಿದೆ. ಓದುವುದರಲ್ಲಿ ಒಂದು ಸುಖ ಇದೆ, ಅಲ್ಲಿ ಏನೂ ತಪ್ಪಾಗುವುದಿಲ್ಲ. 10×50 ಎಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಅಗಲದ ಮಸೂರವಿರುವ ಬೈನಾಕ್ಯುಲರ್, 50ನ್ನು 10ರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ 5 ಮಿಲಿಮೀಟರ್, ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ವಯಸ್ಸಾದಂತೆ ಕಡಿಮೆ. ಇಷ್ಟೆಲ್ಲ ಬಾಯಿಪಾಠ. ಹತ್ತು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಕೈನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ, ಮೊಣಕೈಯನ್ನು ಎಲ್ಲಾದರೂ ಊರದಿದ್ದರೆ ನಕ್ಷತ್ರಗಳು ಮಿಂಚುಹುಳದ ಹಾಗೆ ಅಲೆದಾಡುತ್ತವೆ ಅನ್ನುವುದು ಮಾತ್ರ ಮಹಡಿಯಲ್ಲೇ ಗೊತ್ತಾಗಬೇಕಾಯಿತು. ಅದೂ ಪುಸ್ತಕದಲ್ಲಿತ್ತು, ಬಿಡಿ.

ಬೆನ್ನ ಹಿಂದಿನ ಕೃತ್ತಿಕೆ

ನವೆಂಬರ್ ತಿಂಗಳ ಸಂಜೆ. ಕೃತ್ತಿಕೆಯಿಂದ ಶುರು ಮಾಡುವುದು ಸುಲಭ ಎಂದು ಕೈಪಿಡಿ ಹೇಳಿತ್ತು. ಗೊಂಚಲಾಗಿ ಕಾಣುವುದರಿಂದ ಬೇರೆ ಯಾವುದರ ಜೊತೆಗೂ ಅದು ಬೆರೆತುಹೋಗುವುದಿಲ್ಲ. ನನ್ನ ತಿದ್ದಿದ ನಕ್ಷೆಯ ಪ್ರಕಾರ ಅದು ಪಶ್ಚಿಮದಲ್ಲಿ ಇರಬೇಕು. ನಾಲ್ಕು ಸಂಜೆ ಪಶ್ಚಿಮಕ್ಕೆ ಮುಖ ಮಾಡಿ ನಿಂತೆ. ಅಲ್ಲೊಂದು ಇಲ್ಲೊಂದು ನಕ್ಷತ್ರ ಇತ್ತು, ಗೊಂಚಲು ಮಾತ್ರ ಇರಲಿಲ್ಲ. ಮೊದಲ ದಿನ ಮಂಜು ಅಂದುಕೊಂಡೆ, ಎರಡನೇ ದಿನ ದೀಪದ ಬೆಳಕು ಜಾಸ್ತಿ ಅಂದುಕೊಂಡೆ, ಮೂರನೇ ದಿನ ನನ್ನ ಕನ್ನಡಕದ ನಂಬರು ಬದಲಾಗಿದೆ ಅಂದುಕೊಂಡೆ. ನಕ್ಷೆಯನ್ನು ಮಾತ್ರ ಅನುಮಾನಿಸಲಿಲ್ಲ. ನಾನೇ ಕೈಯಾರೆ ತಿದ್ದಿದ ನಕ್ಷೆಯಲ್ಲವೇ, ಅದು ತಪ್ಪಿರಲು ಸಾಧ್ಯವೇ?

ನಾಲ್ಕನೇ ದಿನ ಅಕ್ಕ ಮೆಟ್ಟಿಲಿನಿಂದ ಕೂಗಿದಳು. ‘ಸಿಕ್ತೇನೋ?’

‘ಮೋಡ ಇದೆ ಕಣಕ್ಕಾ.’

‘ನಂಗೆ ಇಲ್ಲಿಂದಾನೇ ಇಷ್ಟೊಂದು ನಕ್ಷತ್ರ ಕಾಣ್ತಾ ಇದೆಯಲ್ಲೋ!’ ಅನ್ನುತ್ತಾ ಮೇಲೆ ಬಂದಳು. ಬಂದವಳು ನನ್ನ ಬೆನ್ನ ಹಿಂದೆ ನೋಡಿ, ‘ಅದೇನೋ ಅದು, ಪುಟ್ಟ ಗೊಂಚಲಿನ ತರಹ?’ ಅಂದಳು. ಅವಳಿಗೆ ಕೃತ್ತಿಕೆ ಅನ್ನುವ ಹೆಸರು ಪಂಚಾಂಗದಿಂದ ಗೊತ್ತು, ಅದು ಹೇಗಿರುತ್ತದೆ ಅಂತ ಗೊತ್ತಿಲ್ಲ. ನನಗೆ ಅದು ಹೇಗಿರುತ್ತದೆ ಅಂತ ಗೊತ್ತು, ಅದರ ದೂರ ಸುಮಾರು 440 ಜ್ಯೋತಿರ್ವರ್ಷ ಅಂತಲೂ ಗೊತ್ತು. ಅದು ನಾಲ್ಕು ದಿನದಿಂದ ನನ್ನ ಬೆನ್ನಿನ ಹಿಂದೆ ಹುಟ್ಟಿ ಮೇಲೇರುತ್ತಿದೆ ಅನ್ನುವುದು ಮಾತ್ರ ಗೊತ್ತಿಲ್ಲ. ‘ಪುಸ್ತಕದ ಬದನೆಕಾಯಿ ಸಾರಿಗಾಗಲ್ಲ ಕಣೋ’ ಅಂತ ನಗುತ್ತಾ ಅಕ್ಕ ಇಳಿದುಹೋದಳು.

ಅವಳು ಹೋದ ಮೇಲೆ ನಾನು ಮಾಡಿದ್ದು ಇಷ್ಟೇ. ಉತ್ತರಕ್ಕೆ ಮುಖ ಮಾಡಿ ಪುಸ್ತಕವನ್ನು ಎರಡೂ ಕೈಯಲ್ಲಿ ಛತ್ರಿಯ ಹಾಗೆ ತಲೆಯ ಮೇಲೆ ಎತ್ತಿ ಹಿಡಿದೆ. ನಕ್ಷೆಯ ಉತ್ತರ ಎದುರಿನ ಉತ್ತರಕ್ಕೆ ಹೊಂದಿತು, ಅಚ್ಚಾದ ‘ಪೂರ್ವ’ ತಾನಾಗಿ ಪೂರ್ವಕ್ಕೆ ಹೋಗಿ ಕೂತಿತು. ಭೂಪಟವನ್ನು ನಾವು ಮೇಲಿನಿಂದ ಬಗ್ಗಿ ನೋಡುತ್ತೇವೆ, ಆಕಾಶವನ್ನು ಕೆಳಗಿನಿಂದ ತಲೆ ಎತ್ತಿ. ಬಟ್ಟೆಯನ್ನು ಒಳಗಿನಿಂದ ನೋಡಿದಾಗ ಎಡತೋಳು ಬಲಕ್ಕೆ ಬಂದಂತೆ ದಿಕ್ಕು ಮಗುಚುತ್ತದೆ. ಇದಕ್ಕೆ ಗಣಿತ ಬೇಡ, ಬುದ್ಧಿಯೂ ಹೆಚ್ಚು ಬೇಡ. ಕೈ ಎತ್ತಬೇಕಿತ್ತು, ಅಷ್ಟೇ. ನಾನು ಆ ಸಾಲನ್ನು ಒಂದು ಮಾಹಿತಿ ಎಂದು ಓದಿದ್ದೆ, ಅದು ಒಂದು ಕೆಲಸವಾಗಿತ್ತು. ಗೆರೆ ಎಳೆದ ಕೂಡಲೇ ಆ ಕೆಲಸ ಮಾಡಿಯಾಯಿತು ಅನ್ನುವ ಸಮಾಧಾನ ಬಂದುಬಿಟ್ಟಿತ್ತು. ಮುಖ್ಯವಾದ ಸಾಲುಗಳಿಗೆ ಅಡಿಗೆರೆ ಎಳೆಯುವ ಅಭ್ಯಾಸದ ಬಗ್ಗೆ ಅವತ್ತಿನಿಂದ ನನಗೆ ಸ್ವಲ್ಪ ಗುಮಾನಿ.

ಆದರೆ ಅಕ್ಕನ ಗಾದೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವಳು ಗೊಂಚಲನ್ನು ಕಂಡಳು, ಹೌದು. ಅದು ಆಕಾಶದಲ್ಲಿ ದಿನವೂ ಇದ್ದೇ ಇತ್ತು, ಅವಳ ಕಣ್ಣಿಗೆ ಎಷ್ಟೋ ಸಲ ಬಿದ್ದೂ ಇತ್ತು. ಅವತ್ತು ಅವಳು ಅದನ್ನು ಬೆರಳು ಮಾಡಿ ತೋರಿಸಿದ್ದು ನಾನು ಏನನ್ನೋ ಹುಡುಕುತ್ತಿದ್ದೇನೆ ಅಂತ ಗೊತ್ತಿದ್ದರಿಂದ. ಹುಡುಕುವಂಥದ್ದು ಏನೋ ಇದೆ ಎಂದು ಹೇಳಿದ್ದು ಪುಸ್ತಕ.

ಅಂಕಿಗಳು ಮಾಡಿದ ಕೀಟಲೆ

ಎರಡನೇ ಎಡವಟ್ಟು ಕಾಂತಿಮಾನದ್ದು. ನಕ್ಷತ್ರ ಎಷ್ಟು ಪ್ರಕಾಶವಾಗಿ ಕಾಣುತ್ತದೆ ಎಂದು ಹೇಳುವ ಈ ಅಂಕಿ ತಿರುಗುಮುರುಗು. ಅಂಕಿ ಚಿಕ್ಕದಾದಷ್ಟೂ ಹೊಳಪು ಹೆಚ್ಚು. ಪ್ರಾಚೀನ ಗ್ರೀಕರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಒಂದನೇ ದರ್ಜೆ, ಎರಡನೇ ದರ್ಜೆ ಎಂದು ಆರನೇ ದರ್ಜೆಯವರೆಗೆ ವಿಂಗಡಿಸಿದ್ದರು, ತರಗತಿಯಲ್ಲಿ ರ‍್ಯಾಂಕ್ ಕೊಟ್ಟ ಹಾಗೆ. 1856ರಲ್ಲಿ ನಾರ್ಮನ್ ಪಾಗ್ಸನ್ ಎಂಬ ಖಗೋಳಜ್ಞ ಅದಕ್ಕೊಂದು ಲೆಕ್ಕ ಕಟ್ಟಿದ. ಐದು ದರ್ಜೆಯ ಅಂತರ ಎಂದರೆ ನೂರು ಪಟ್ಟು ಹೊಳಪಿನ ಅಂತರ, ಹಾಗಾಗಿ ಒಂದು ದರ್ಜೆಗೆ ಸುಮಾರು 2.512 ಪಟ್ಟು. ಲೆಕ್ಕ ಬಿಗಿಯಾದ ಮೇಲೆ ಒಂದಕ್ಕಿಂತ ಕೆಳಗೂ ಅಂಕಿ ಬೇಕಾಯಿತು, ಸೊನ್ನೆಯ ಕೆಳಗೂ ಇಳಿಯಬೇಕಾಯಿತು. ಲುಬ್ಧಕಕ್ಕೆ −1.46, ಹುಣ್ಣಿಮೆಯ ಚಂದ್ರನಿಗೆ ಸುಮಾರು −12.7. ಇದನ್ನೆಲ್ಲ ಓದಿ ತಲೆದೂಗಿದ್ದೆ. ಆದರೂ ಕೋಷ್ಟಕದಲ್ಲಿ 5.9 ಎಂದು ಕಂಡಾಗ ಒಳಗಿನ ಯಾವನೋ ‘ಓ, ದೊಡ್ಡದು’ ಅಂದುಬಿಡುತ್ತಿದ್ದ. ಅವನಿಗೆ ಪಾಗ್ಸನ್ ಗೊತ್ತಿಲ್ಲ. ಅವನು ಬಾಲ್ಯದಿಂದ ಅಂಕಪಟ್ಟಿ ನೋಡಿಕೊಂಡು ಬಂದವನು.

ಇದರ ಜೊತೆಗೆ ಕೈಪಿಡಿ ಬರೆದವರ ಆಕಾಶ ಒಂದು, ಓದುವವರ ಆಕಾಶ ಇನ್ನೊಂದು. ಸಪ್ತರ್ಷಿ ಮಂಡಲ ಎಂದೂ ಮುಳುಗುವುದಿಲ್ಲ, ವರ್ಷವಿಡೀ ಕಾಣುತ್ತದೆ ಎಂದು ಒಂದು ಪುಸ್ತಕದಲ್ಲಿ ಓದಿ ನಂಬಿದ್ದೆ. ಉತ್ತರ ಅಕ್ಷಾಂಶ 41 ಡಿಗ್ರಿಗಿಂತ ಮೇಲೆ ಇರುವವರಿಗೆ ಅದು ನಿಜ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ನಾವು ನಿಂತ ಜಾಗದ ಅಕ್ಷಾಂಶ. ಸಮಭಾಜಕಕ್ಕೆ ಹತ್ತಿರವಾದಷ್ಟೂ ಧ್ರುವ ಕೆಳಗಿಳಿಯುತ್ತದೆ, ಅದರ ಸುತ್ತ ತಿರುಗುವ ಸಪ್ತರ್ಷಿಗಳು ಕೆಲವು ತಿಂಗಳು ಸಂಜೆಯ ಆಕಾಶದಿಂದ ಕಾಣೆಯಾಗುತ್ತಾರೆ. ಪುಸ್ತಕ ಸುಳ್ಳು ಹೇಳಿರಲಿಲ್ಲ, ಬರೆದವರು ತಮ್ಮ ಮಹಡಿಯಿಂದ ಮಾತಾಡಿದ್ದರು.

ನೋಡಬೇಡ, ಆಗ ಕಾಣುತ್ತದೆ

ಇನ್ನು ಗ್ಯಾಲಕ್ಸಿಯ ಕಥೆ. ಬರಿಗಣ್ಣಿಗೆ ಕಾಣಬಲ್ಲ ಅತಿ ದೂರದ ವಸ್ತುಗಳ ಸಾಲಿನಲ್ಲಿ ಆಂಡ್ರೊಮೀಡಾ ಗ್ಯಾಲಕ್ಸಿ ನಿಲ್ಲುತ್ತದೆ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಕಾಂತಿಮಾನ 3.4. ಅಷ್ಟೊತ್ತಿಗೆ ನನಗೆ ಅಂಕಿಯ ತಿರುಗುಮುರುಗು ಅಭ್ಯಾಸವಾಗಿತ್ತು. 3.4 ಅಂದರೆ ಸಾಕಷ್ಟು ಸುಲಭ, ನಮ್ಮ ಮಹಡಿಯಿಂದ 4ರ ನಕ್ಷತ್ರಗಳೂ ಕಾಣುತ್ತಿದ್ದವು. ಹಾಗಂತ ಹೊರಟೆ, ಆರೇಳು ರಾತ್ರಿ ಏನೂ ಸಿಗಲಿಲ್ಲ. ಈ ಸಲ ನಕ್ಷೆ ಸರಿಯಾಗಿಯೇ ಇತ್ತು, ಅಂಕಿ ಕೈಕೊಟ್ಟಿತ್ತು. ನಕ್ಷತ್ರದ 3.4 ಒಂದೇ ಚುಕ್ಕೆಯಲ್ಲಿ ಕೂತಿರುತ್ತದೆ. ಗ್ಯಾಲಕ್ಸಿಯ 3.4 ಸುಮಾರು ಮೂರು ಡಿಗ್ರಿ ಉದ್ದಕ್ಕೆ, ಅಂದರೆ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ, ಹರಡಿಹೋಗಿರುತ್ತದೆ. ಒಂದು ತೊಟ್ಟು ಶಾಯಿ ಕಾಗದದ ಮೇಲೆ ಬಿದ್ದರೆ ಕಪ್ಪು ಚುಕ್ಕೆ, ಅದೇ ತೊಟ್ಟು ಬಕೆಟ್ ನೀರಿಗೆ ಬಿದ್ದರೆ ಗುಮಾನಿಯಷ್ಟೇ.

ಇನ್ನೊಂದು ತೊಡಕು ನಕ್ಷೆಯನ್ನು ನೋಡುವುದರಲ್ಲೇ ಇತ್ತು. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಮಂದ ಬೆಳಕು ಹಿಡಿಯುವ ರಾಡ್ ಕೋಶಗಳಿವೆ, ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕಿಗೆ ಒಡೆದುಹೋಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ನಾನು ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣನ್ನು ಹದಕ್ಕೆ ತರುತ್ತಿದ್ದೆ, ದಾರಿ ಮರೆತುಹೋಗಿ ಟಾರ್ಚ್ ಹಾಕಿ ನಕ್ಷೆ ನೋಡುತ್ತಿದ್ದೆ, ತಲೆ ಎತ್ತಿದರೆ ಆಕಾಶ ಕಪ್ಪು ಹಲಗೆ. ಮತ್ತೆ ಅರ್ಧ ಗಂಟೆ. ಓದುವ ಬೆಳಕೇ ನೋಡುವ ಕಣ್ಣನ್ನು ಕೆಡಿಸುತ್ತಿತ್ತು. ಇದಕ್ಕೂ ಕೈಪಿಡಿಯಲ್ಲಿ ಮದ್ದಿತ್ತು. ಕಡುಗೆಂಪು ಬೆಳಕಿಗೆ ರಾಡ್ ಕೋಶಗಳು ಹೆಚ್ಚು ಸ್ಪಂದಿಸುವುದಿಲ್ಲ, ಟಾರ್ಚಿಗೆ ಕೆಂಪು ಕಾಗದ ಕಟ್ಟಿ ಎಂದಿತ್ತು. ಕಟ್ಟಿದೆ. ಕೆಂಪು ಬೆಳಕಿನಲ್ಲಿ ನಕ್ಷೆ ತೆರೆದರೆ ನಕ್ಷತ್ರಗಳೆಲ್ಲ ಇವೆ, ಗ್ಯಾಲಕ್ಸಿಗಳು ಮಾತ್ರ ಒಂದೂ ಇಲ್ಲ! ಕೆಳಗಿಳಿದು ಬಂದು ಟ್ಯೂಬ್‌ಲೈಟಿನಲ್ಲಿ ನೋಡಿದೆ. ಅಂದವಾಗಿ ಕಾಣಲಿ ಎಂದು ಗ್ಯಾಲಕ್ಸಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಅಚ್ಚು ಮಾಡಿದ್ದರು. ಬಿಳಿ ಹಾಳೆಯ ಮೇಲಿನ ಕೆಂಪು ಗುರುತು ಕೆಂಪು ಬೆಳಕಿನಲ್ಲಿ ಹಾಳೆಯಷ್ಟೇ ಬೆಳಗಿ ಕರಗಿಹೋಗುತ್ತದೆ. ಕೆಂಪು ಟಾರ್ಚ್ ಬಳಸಿ ಎಂದು ಬರೆದ ಪುಸ್ತಕವೇ ಕೆಂಪು ಶಾಯಿಯನ್ನೂ ಬಳಸಿತ್ತು. ಆ ಪುಟ ರೂಪಿಸಿದವರು ಒಮ್ಮೆಯಾದರೂ ಅದನ್ನು ಕತ್ತಲಲ್ಲಿ ತೆರೆದಿದ್ದರೆ ಎಂದು ಸಿಟ್ಟು ಬಂತು. ಮೇಜಿನ ಮೇಲೆ ಆಕಾಶ ನೋಡುವ ಜನ ನಾನೊಬ್ಬನೇ ಅಲ್ಲ ಅನ್ನುವ ಸಣ್ಣ ಸಂತೋಷವೂ ಆಯಿತು.

ಕಡೆಗೆ ದಾರಿಯನ್ನು ಬಾಯಿಪಾಠ ಮಾಡುವುದೊಂದೇ ಉಳಿಯಿತು. ಪೂರ್ವಾಭಾದ್ರ ಮತ್ತು ಉತ್ತರಾಭಾದ್ರದ ನಾಲ್ಕು ನಕ್ಷತ್ರ ಸೇರಿ ಆಗುವ ದೊಡ್ಡ ಚೌಕ. ಅದರ ಈಶಾನ್ಯ ಮೂಲೆಯಿಂದ ಹೊರಟು ಮುಂದೆ ಎರಡು ನಕ್ಷತ್ರ. ಎರಡನೆಯದರ ಹತ್ತಿರ ಉತ್ತರಕ್ಕೆ ತಿರುಗಿ ಮತ್ತೆರಡು ಮಂಕು ನಕ್ಷತ್ರ. ಕೊನೆಯದರ ಪಕ್ಕದಲ್ಲೇ. ಹೊಸ ಊರಿನಲ್ಲಿ ಯಾರದೋ ಮನೆ ಹುಡುಕುವ ದಾರಿಯ ಹಾಗೆ ಇದನ್ನು ಹಗಲಲ್ಲಿ ಹತ್ತು ಸಲ ಹೇಳಿಕೊಂಡೆ. ರಾತ್ರಿ ಪುಸ್ತಕವನ್ನು ಕೆಳಗೇ ಬಿಟ್ಟು ಹತ್ತಿದೆ.

ದಾರಿ ಸರಿಯಾಗಿ ಮುಟ್ಟಿಸಿತು. ಕೊನೆಯ ಮಂಕು ನಕ್ಷತ್ರದ ಪಕ್ಕ ದಿಟ್ಟಿಸಿ ನೋಡಿದೆ. ಏನೂ ಇಲ್ಲ. ಇನ್ನೂ ದಿಟ್ಟಿಸಿದೆ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಎಡಗಡೆಯಿಂದ ಏನೋ ಹಾರಿಹೋಯಿತು, ಬಾವಲಿ ಇರಬೇಕು, ಕಣ್ಣು ಅತ್ತ ಹೊರಳಿತು. ಹೊರಳಿದ ಕ್ಷಣಕ್ಕೆ, ನಾನು ನೋಡದೇ ಇದ್ದ ಜಾಗದಲ್ಲಿ, ಬೆರಳಿನಿಂದ ಒರೆಸಿದ ಸೀಮೆಸುಣ್ಣದ ಹಾಗೆ ಒಂದು ಉದ್ದನೆಯ ಮಬ್ಬು. ಗಬಕ್ಕನೆ ಅದರ ಕಡೆ ತಿರುಗಿದೆ, ಮಾಯ. ಪಕ್ಕದ ನಕ್ಷತ್ರಕ್ಕೆ ಕಣ್ಣು ಸರಿಸಿದೆ, ಬಂತು. ಅದನ್ನೇ ನೋಡಿದೆ, ಹೋಯಿತು. ನಾಚಿಕೆಯ ಮಗು ಬಾಗಿಲ ಸಂದಿಯಿಂದ ಇಣುಕಿದ ಹಾಗೆ.

ಓರೆಗಣ್ಣಿನಿಂದ ನೋಡಿ ಎಂದು ಕೈಪಿಡಿ ಮೂರು ಕಡೆ ಹೇಳಿತ್ತು. ಕಾರಣವೂ ಬಿಡಿಸಿ ಬರೆದಿತ್ತು. ರೆಟಿನಾದ ನಟ್ಟನಡುವೆ, ನಾವು ನೇರವಾಗಿ ನೋಡಿದಾಗ ಬಿಂಬ ಬೀಳುವ ಪುಟ್ಟ ಗುಳಿಯಲ್ಲಿ, ಬಣ್ಣ ಮತ್ತು ವಿವರ ಹಿಡಿಯುವ ಕೋನ್ ಕೋಶಗಳೇ ತುಂಬಿವೆ. ಮಂದ ಬೆಳಕು ಹಿಡಿಯುವ ರಾಡ್ ಕೋಶಗಳು ಅದರ ಸುತ್ತಲೂ ಇವೆ, 15-20 ಡಿಗ್ರಿ ಆಚೆ ತೀರಾ ದಟ್ಟವಾಗಿ. ಪರೀಕ್ಷೆಯಲ್ಲಿ ಕೇಳಿದ್ದರೆ ಚಿತ್ರ ಸಮೇತ ಬರೆಯುತ್ತಿದ್ದೆ. ಆದರೆ ಬೇಕಾದ್ದನ್ನು ನೇರವಾಗಿ ನೋಡುವುದು ಕಣ್ಣಿನ ಹುಟ್ಟುಗುಣ. ಆ ಗುಣವನ್ನು ಒಂದು ಪ್ಯಾರಾ ಓದಿ ಬಿಡಿಸಲಾಗುವುದಿಲ್ಲ, ಒಂದು ಬಾವಲಿ ಬೇಕಾಯಿತು. ಹಾಗಂತ ಬಾವಲಿಯೊಂದೇ ಸಾಕಾಗುತ್ತಿತ್ತೇ? ಆ ಪ್ಯಾರಾ ಓದಿರದಿದ್ದರೆ ಕಣ್ಣಂಚಿನ ಮಬ್ಬನ್ನು ಕಣ್ಣುಜ್ಜಿ ಅಳಿಸಿಬಿಡುತ್ತಿದ್ದೆ. ಅವತ್ತು ರಾತ್ರಿ ಕೆಳಗಿಳಿದು ಮತ್ತೆ ಆ ಪ್ಯಾರಾ ತೆಗೆದು ಓದಿದೆ. ಅದೇ ಪದಗಳು, ಒಂದೂ ಬದಲಾಗಿರಲಿಲ್ಲ. ಈಗ ಮಾತ್ರ ಬರೆದವರ ಕತ್ತು ನೋವು, ಅವರ ತಾಳ್ಮೆ, ಅವರೂ ಎಂದೋ ದಿಟ್ಟಿಸಿ ಸೋತಿದ್ದು, ಎಲ್ಲ ಸಾಲುಗಳ ನಡುವೆ ಕಂಡಿತು. ಮಾಹಿತಿಯ ಪುಸ್ತಕವನ್ನು ಎರಡು ಸಲ ಓದಬೇಕು, ನಡುವೆ ಒಂದು ಸೋಲು ಇರಬೇಕು. ನನಗಂತೂ ಸೋಲದೆ ಎರಡನೇ ಓದು ಇವತ್ತಿಗೂ ದಕ್ಕಿಲ್ಲ.

ಒಂದು ಮಾತು ಚಿತ್ರಗಳ ಬಗ್ಗೆ. ಕೈಪಿಡಿಯಲ್ಲಿದ್ದ ಗ್ಯಾಲಕ್ಸಿಯ ಫೋಟೋ ನನಗೆ ಸಹಾಯ ಮಾಡುವುದಕ್ಕಿಂತ ಹೆಚ್ಚು ಹಾನಿ ಮಾಡಿತು. ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿ ತೆಗೆದ ಸುರುಳಿಯನ್ನೇ ನನ್ನ ಕಣ್ಣು ಹುಡುಕುತ್ತಿತ್ತು. 10ನೇ ಶತಮಾನದ ಪರ್ಷಿಯಾದ ಖಗೋಳಜ್ಞ ಅಲ್-ಸೂಫಿ ಇದನ್ನು ಪುಟ್ಟ ಮೋಡ ಎಂದು ಬರೆದಿಟ್ಟಿದ್ದಾನೆ. ಅವನ ಹತ್ತಿರ ಮಸೂರವೇ ಇರಲಿಲ್ಲ, ನನ್ನ ಹಾಗೆಯೇ ನೋಡಿದವನು. ಫೋಟೋದ ಬದಲು ಆ ಎರಡು ಪದ ಕೊಟ್ಟಿದ್ದರೆ ಒಂದು ವಾರ ಉಳಿಯುತ್ತಿತ್ತು.

ಬೇಡದ ವಸ್ತುಗಳ ಪಟ್ಟಿ, ಸಿಡಿದ ನೆಲ

ಓದುತ್ತಾ ಹೋದಂತೆ ನನಗೆ ಹತ್ತಿರವಾದವರು ಇಬ್ಬರು. ಒಬ್ಬ ಚಾರ್ಲ್ಸ್ ಮೆಸ್ಸಿಯೇ, ಧೂಮಕೇತು ಹುಡುಕುವ ಹುಚ್ಚಿನವನು. ಧೂಮಕೇತು ಎಂದು ಮೋಸಹೋಗುವಂಥ ಮಬ್ಬು ವಸ್ತುಗಳನ್ನು, ಇನ್ನೊಮ್ಮೆ ಹೊತ್ತು ಹಾಳಾಗದಿರಲಿ ಎಂದು ಪಟ್ಟಿ ಮಾಡಿದ. 1781ರ ಆವೃತ್ತಿಯಲ್ಲಿ ಅಂಥವು 103. ಆಂಡ್ರೊಮೀಡಾ ಅದರಲ್ಲಿ 31ನೆಯದು, ಅದಕ್ಕೇ ಎಂ31 ಎಂಬ ಹೆಸರು. ಅವನು ನೋಡಬೇಡಿ ಎಂದು ಮಾಡಿದ ಪಟ್ಟಿಯನ್ನೇ ಇವತ್ತು ಹವ್ಯಾಸಿಗಳೆಲ್ಲ ನೋಡಲೇಬೇಕಾದವುಗಳ ಪಟ್ಟಿ ಎಂದು ಹಿಡಿದುಕೊಂಡು ಓಡಾಡುತ್ತಾರೆ.

ಇನ್ನೊಬ್ಬ ವಿಲಿಯಂ ಹರ್ಷೆಲ್. ಇಂಗ್ಲೆಂಡಿನ ಬಾತ್ ನಗರದಲ್ಲಿ ಆರ್ಗನ್ ನುಡಿಸಿಕೊಂಡು, ಸಂಗೀತ ಪಾಠ ಹೇಳಿಕೊಂಡು ಇದ್ದವನು. ರಾಬರ್ಟ್ ಸ್ಮಿತ್ ಸಂಗೀತಶಾಸ್ತ್ರದ ಬಗ್ಗೆ ಬರೆದ ಪುಸ್ತಕ ಓದಿ, ಅದೇ ಲೇಖಕನ ಬೆಳಕಿನ ಶಾಸ್ತ್ರದ ಪುಸ್ತಕಕ್ಕೆ ಜಾರಿ, ಅಲ್ಲಿಂದ ದೂರದರ್ಶಕಕ್ಕೆ ಬಿದ್ದ. 1773ರಲ್ಲಿ ದೂರದರ್ಶಕದ ಕನ್ನಡಿ ಉಜ್ಜಲು ಶುರು ಮಾಡಿದಾಗ ಅವನಿಗೆ 34 ವರ್ಷ. ಎಂಟು ವರ್ಷದ ನಂತರ, 1781ರ ಮಾರ್ಚ್ 13ರಂದು, ಮನೆಯಲ್ಲೇ ಮಾಡಿದ ದೂರದರ್ಶಕದಲ್ಲಿ ಯುರೇನಸ್ ಕಂಡ. ಪುಸ್ತಕ ಓದಿ ಹವ್ಯಾಸ ಕಲಿಯುವ ನನ್ನಂಥವರಿಗೆ ಅವನೇ ಕುಲದೇವರು ಆಗಬೇಕಿತ್ತು. ಆದರೆ ವಿವರಗಳಲ್ಲಿ ಬೇರೆ ಕಥೆ ಇದೆ. ಓದಿದ್ದು ಸಾಲದೆ, ಕನ್ನಡಿ ಉಜ್ಜುವುದನ್ನು ಬಲ್ಲ ಊರಿನವನೊಬ್ಬನಿಂದ ಹಳೇ ಸಲಕರಣೆ ಕೊಂಡು, ಅವನ ಹತ್ತಿರ ಪಟ್ಟುಗಳನ್ನೂ ಕಲಿತ. ಒಮ್ಮೆ 16 ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಉಜ್ಜುತ್ತಿದ್ದಾಗ ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗೆ ಇಡಬೇಕಾಯಿತಂತೆ. ಅಂಥ ಕೆಲಸದ ಹೊತ್ತಿನಲ್ಲಿ ಅವಳು ಅವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದದ್ದು ಕಥೆ, ಕಾದಂಬರಿ. ಬೆಳಕಿನ ಶಾಸ್ತ್ರಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಕೆಲಸವಿರಲಿಲ್ಲ.

ಅದೇ 1781ರ ಆಗಸ್ಟಿನಲ್ಲಿ ಮೂರು ಅಡಿ ಅಗಲದ ಕನ್ನಡಿಗೆ ಮನೆಯಲ್ಲೇ ಎರಕ ಹೊಯ್ಯಲು ಹೋದರು. ಲೋಹ ಸೋರಿ ಕಲ್ಲುಹಾಸಿನ ಮೇಲೆ ಹರಿಯಿತು. ಬಿಸಿಗೆ ಕಲ್ಲುಗಳು ಪಟಪಟ ಸಿಡಿದು ಚಾವಣಿಯವರೆಗೆ ಹಾರಿದವು, ಎಲ್ಲರೂ ಬಾಗಿಲ ಕಡೆ ಓಡಿದರು. ಗ್ರಹ ಕಂಡುಹಿಡಿದು ಐದು ತಿಂಗಳೂ ಆಗಿರಲಿಲ್ಲ. ನನ್ನ ಪೆನ್ಸಿಲ್ ತಿದ್ದುಪಡಿ ನೆನಪಾಗಿ ನಾಚಿಕೆ ಆದಾಗಲೆಲ್ಲ ನಾನು ಈ ನೆಲವನ್ನು ನೆನೆಸಿಕೊಳ್ಳುತ್ತೇನೆ.

ಎರಡು ತಾರೀಖು

ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಡಿಗೆರೆ ಎಳೆಯುವುದನ್ನು ಬಿಟ್ಟಿಲ್ಲ, ಆದರೆ ಗೆರೆಯ ಪಕ್ಕದ ಅಂಚಿನಲ್ಲಿ ಓದಿದ ತಾರೀಖು ಬರೆಯುತ್ತೇನೆ, ಅದರ ಮುಂದೆ ಸ್ವಲ್ಪ ಜಾಗ ಬಿಡುತ್ತೇನೆ. ಆ ಸಾಲು ಮಹಡಿಯ ಮೇಲೆ ನಿಜವಾದ ದಿನ ಎರಡನೇ ತಾರೀಖು ಬೀಳುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ ಅನ್ನುವ ಸಾಲಿಗೆ ಎರಡು ತಾರೀಖಿನ ನಡುವೆ ಐದು ವಾರ. ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಇರುತ್ತಿದ್ದ ರೋಹಿಣಿ ಒಂದು ದಿನ ಅದೇ ಹೊತ್ತಿಗೆ ಟ್ಯಾಂಕನ್ನು ದಾಟಿ ಅಷ್ಟು ಮೇಲೆ ನಿಂತಿದ್ದಾಗ ಆ ಜಾಗ ತುಂಬಿತು. ಪುಸ್ತಕದ ಬಹುಪಾಲು ಗೆರೆಗಳಿಗೆ ಒಂದೇ ತಾರೀಖು ಇದೆ. ಅಕ್ಕ ಒಮ್ಮೆ ಪುಟ ತಿರುವಿ ನೋಡಿ, ‘ಇದೇನೋ ಇದು, ಕೈಸಾಲದ ಲೆಕ್ಕ ಇದ್ದ ಹಾಗಿದೆ’ ಅಂದಳು.

ಕಳೆದ ವಾರ ಆಲ್ಗಾಲ್ ಬಗ್ಗೆ ಓದಿದೆ. ಪರ್ಸಿಯಸ್ ಪುಂಜದ ನಕ್ಷತ್ರ. ಒಂದರ ಸುತ್ತ ಒಂದು ತಿರುಗುವ ಜೋಡಿ. ಮಂಕಾದದ್ದು ಬೆಳ್ಳಗಿರುವುದಕ್ಕೆ ಅಡ್ಡ ಬಂದಾಗ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ, ಸುಮಾರು ಹತ್ತು ಗಂಟೆಯೊಳಗೆ ಇಳಿದು ಮತ್ತೆ ಏರುತ್ತದೆ, 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ. ಬರಿಗಣ್ಣು ಸಾಕಂತೆ. ಅಕ್ಕಪಕ್ಕದ ನಕ್ಷತ್ರಗಳ ಹೊಳಪಿನ ಜೊತೆ ಹೋಲಿಸಿ ಬರೆದುಕೊಳ್ಳುತ್ತಾ ಹೋಗಿ ಎಂದಿದೆ. ಎಲ್ಲ ಅರ್ಥವಾದ ಹಾಗೇ ಇದೆ, ಅದೇ ಭಯ. ಆ ಸಾಲಿನ ಕೆಳಗೆ ಗೆರೆ ಎಳೆದು ತಾರೀಖು ಹಾಕಿದ್ದೇನೆ. ಇವತ್ತು ರಾತ್ರಿ ಹನ್ನೊಂದರ ಸುಮಾರಿಗೆ ಅದು ತೀರಾ ಮಂಕಾಗಬೇಕು ಅನ್ನುವುದು ನನ್ನ ಲೆಕ್ಕ. ಮಧ್ಯಾಹ್ನದಿಂದ ಮೋಡ ಇದೆ. ಈ ಸಲ ನಿಜವಾದ ಮೋಡ, ಅಕ್ಕನೂ ನೋಡಿದ್ದಾಳೆ.